ತೊಳೆಯದ ಪಾತ್ರೆ

ಮೊಕ್ರೊವೆಸ್‌ಗೆ ಬರುವ ರಸ್ತೆ ಮೊಕ್ರೊವೆಸ್‌ನಲ್ಲೇ ಮುಗಿಯುತ್ತದೆ. ದಾರಿ ತಪ್ಪಿದವರನ್ನು ಬಿಟ್ಟರೆ ಬೇರೆಲ್ಲಿಗೋ ಹೊರಟವರು ಯಾರೂ ಈ ಊರನ್ನು ಹಾದು ಹೋಗುವುದಿಲ್ಲ. ಮೂರು ಕಡೆ ಕಾಡು, ನಡುವೆ ಮೀನಿನ ಕೆರೆ, ಕೆರೆಯ ಸುತ್ತ ಒಂದಷ್ಟು ಮನೆ, ಪಾದ್ರಿಯಿಲ್ಲದ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಇಂಥ ಊರಿನಲ್ಲಿ ಒಬ್ಬನ ಮೇಲೆ ಹಗೆ ಇಟ್ಟುಕೊಂಡು ಬಾಳುವುದೆಂದರೆ ಏನೆಂದು ಪಟ್ಟಣದವರಿಗೆ ತಿಳಿಯುವುದಿಲ್ಲ. ಅಲ್ಲಿ ಹಗೆಯವನನ್ನು ನೋಡಬಾರದೆಂದರೆ ಇನ್ನೊಂದು ಬೀದಿ ಹಿಡಿದರಾಯಿತು. ಇಲ್ಲಿ ಅವನು ಬೆಳಿಗ್ಗೆ ಅಂಗಡಿಯಲ್ಲಿ ಸಿಗುತ್ತಾನೆ, ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಸಿಗುತ್ತಾನೆ, ಸಂಜೆ ನಾಯಿ ಹಿಡಿದುಕೊಂಡು ಕೆರೆ ಏರಿಯ ಮೇಲೆ ಸಿಗುತ್ತಾನೆ. ಸಿಕ್ಕಾಗಲೆಲ್ಲ ಟೋಪಿ ಮುಟ್ಟಿ ನಮಸ್ಕಾರ ಬೇರೆ ಹೇಳುತ್ತಾನೆ.

ಬ್ಲಾಝೆನಾಗೆ ಎಪ್ಪತ್ತು ವರ್ಷ. ಅವಳು ಹಿನೆಕ್ ಮೆಲಿಖಾರ್‌ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಹೇಳುತ್ತಲೇ ಬಂದವಳು. ಊರಿನ ಅಂಚೆ ಹಂಚುವ ಕೆಲಸ ಅವಳದಾಗಿತ್ತು. ಅವನ ಪತ್ರಿಕೆ, ಅವನ ಹಬ್ಬದ ಶುಭಾಶಯ, ಆಮೇಲೆ ಅವನ ಪಿಂಚಣಿ ಎಲ್ಲವನ್ನೂ ಅವಳೇ ಅವನ ಬಾಗಿಲಿಗೆ ಒಯ್ದು ಕೈಗಿಟ್ಟಿದ್ದಳು. ಅವನು ಪ್ರತಿ ಸಲ, "ದೇವರು ಒಳ್ಳೇದು ಮಾಡ್ಲಿ ಕಣಮ್ಮ" ಅನ್ನುತ್ತಿದ್ದ. ದೇವರೇ ಇಲ್ಲವೆಂದು ಕಮ್ಯುನಿಸ್ಟ್ ಪಕ್ಷದ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದ್ದ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದರೂ ಸೈಕಲ್ಲೇರಿ ಮುಂದಿನ ಮನೆಗೆ ಹೋಗುತ್ತಿದ್ದಳು.

ಆ ವರ್ಷ ಊರಿನ ಹೆಸರು ಮೊಟ್ಟಮೊದಲು ಬರಹದಲ್ಲಿ ಕಾಣಿಸಿಕೊಂಡು ಆರುನೂರೈವತ್ತು ವರ್ಷ ತುಂಬಿತ್ತು. ಈ ಊರಲ್ಲಿ ಹುಟ್ಟಿ ಎಲ್ಲೆಲ್ಲೋ ನೆಲೆಸಿದವರನ್ನೆಲ್ಲ ಕರೆಸಿ ಊರವರ ಕೂಟ ಮಾಡುವುದೆಂದು ತೀರ್ಮಾನವಾಯಿತು. ವಸಂತದಲ್ಲಿ ಒಂದು ದಿನ ಊರಿನ ಅಧ್ಯಕ್ಷ ರಾದಿಮ್ ಬ್ಲಾಝೆನಾ ಮನೆಗೆ ಬಂದು ಅಡುಗೆಮನೆಯ ಬೆಂಚಿನ ಮೇಲೆ ಕುಳಿತ. ಅವನು ಮೆಲಿಖಾರ್‌ನ ಮೊಮ್ಮಗ. ಹುಡುಗ ಕೆಟ್ಟವನಲ್ಲ, ತಾತನ ಅಗಲ ಹಣೆಯೊಂದು ಬಂದಿತ್ತು ಅಷ್ಟೆ. ಅವಳು ಕಾಫಿ ಕೊಟ್ಟಳು, ಗಸಗಸೆ ತುಂಬಿದ ಕೊಲಾಚ್ ರೊಟ್ಟಿ ಕೊಟ್ಟಳು. ಬಂದವರನ್ನು ಊರು ಸುತ್ತಿಸಿ, ಯಾವ ಜಾಗ ಯಾವುದು, ಎಲ್ಲಿ ಏನು ನಡೆಯಿತು ಎಂದು ಹೇಳುವವರು ಬೇಕು, ಊರಿನ ಮೂಲೆಮೂಲೆ ಗೊತ್ತಿರುವುದು ನಿಮಗೇ, ಅಂದ. ನಡಿಗೆ ಮುಗಿಯುವುದು ಕೆಳಗಿನ ಒರತೆಯ ಹತ್ತಿರ. ಅಲ್ಲಿ ಹೊಸ ಕಲ್ಲು ನಿಲ್ಲಿಸುತ್ತೇವೆ, ಬಟ್ಟೆ ಸರಿಸಿ ಹೆಸರಿಡುತ್ತೇವೆ, ಅಂದ.

"ಏನು ಹೆಸರು?" ಎಂದು ಅವಳು ಕೇಳಿದಳು.

"ಮೆಲಿಖಾರ್ ಒರತೆ. ಜಿಲ್ಲೆಯವರು ನಕಾಶೆಗೂ ಹಾಕ್ತೀವಿ ಅಂದಿದಾರೆ ಅತ್ತೆ. ಊರಿಗೆ ನಲ್ಲಿ ನೀರು ತಂದೋನು ತಾತನೇ ಅಲ್ವಾ."

ಅದೂ ಸುಳ್ಳಲ್ಲ. ಸಹಕಾರಿ ಬೇಸಾಯದ ಅಧ್ಯಕ್ಷನಾಗಿ ಮೆಲಿಖಾರ್ ನೀರು ತಂದಿದ್ದ, ಡಾಂಬರು ತಂದಿದ್ದ, ದಿನಕ್ಕೆರಡು ಬಸ್ ತಂದಿದ್ದ. ಆದರೆ ಆ ಒರತೆಗೆ ಕಲ್ಲು ಕಟ್ಟಿ ಮಾಡು ಹೊದಿಸಿದವನು ಬ್ಲಾಝೆನಾಳ ಅಜ್ಜ. ಅವಳ ಅಪ್ಪ ಮಾತೋಶ್ ಕುಬಾತ್‌ನ ಕಾಲದವರೆಗೂ ಅದು ಕುಬಾತ್ ಒರತೆಯೇ ಆಗಿತ್ತು. ಕಮ್ಯುನಿಸ್ಟ್ ಸರ್ಕಾರ ಹೋದ ಮೇಲೆ, ಅದು ಕಿತ್ತುಕೊಂಡಿದ್ದ ಹೊಲ ವಾಪಸ್ ಬಂತು. ಒರತೆ ಬರಲಿಲ್ಲ, ಅದರ ಪಕ್ಕ ನೀರಿನ ತೊಟ್ಟಿಯಿದೆ, ಅದು ಊರಿನ ಸ್ವತ್ತು ಎಂದುಬಿಟ್ಟರು. ಅಪ್ಪನದು ಎಂದು ಹೇಳಿಕೊಳ್ಳಲು ಈ ನೆಲದ ಮೇಲೆ ಉಳಿದಿದ್ದುದು ಆ ಒಂದು ಹೆಸರು. ಮುದುಕರು ಯಾರಾದರೂ ಅಪರೂಪಕ್ಕೆ ಬಾಯ್ತಪ್ಪಿ ಅನ್ನುತ್ತಿದ್ದ ಹೆಸರು. ಇನ್ನು ಅದರ ಮೇಲೂ ಮೆಲಿಖಾರ್ ಕೂರುತ್ತಾನೆ!

ಬ್ಲಾಝೆನಾ ಇನ್ನೊಂದು ಕೊಲಾಚನ್ನು ರಾದಿಮ್‌ನ ತಟ್ಟೆಗೆ ಹಾಕಿ, "ಆಗಲಪ್ಪ, ನಾನೇ ಹೇಳ್ತೀನಿ" ಅಂದಳು. ಪಾಪ, ಅವನು ಎರಡು ಸಲ ಧನ್ಯವಾದ ಹೇಳಿ ಹೋದ. ಬಾಗಿಲು ಮುಚ್ಚಿದ ಮೇಲೆ ಅವಳು ಅವನು ಕುಡಿದ ಲೋಟವನ್ನು ಉಜ್ಜಿದ್ದೇ ಉಜ್ಜಿದ್ದು. ಆ ಕಲ್ಲಿನ ಮೇಲಿನ ಬಟ್ಟೆ ಸರಿಯಬಾರದು. ತಾನು ಬದುಕಿರುವಾಗ ಆ ಹೆಸರು ಅಲ್ಲಿ ನಿಲ್ಲಬಾರದು. ಅವತ್ತಿನಿಂದ ಅವಳ ತಲೆಯಲ್ಲಿ ಇದ್ದುದು ಇದೊಂದೇ.

ಕೂಟದ ದಿನ ಬಿಸಿಲು ಚೆನ್ನಾಗಿತ್ತು. ಬ್ರ್ನೋದಿಂದ, ಪ್ರಾಗ್‌ನಿಂದ, ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಅಗ್ನಿಶಾಮಕ ದಳದವರ ಶೆಡ್ಡಿನ ಮುಂದೆ ಬಿಯರ್ ಪೀಪಾಯಿ, ಸುಡುವ ಸಾಸೇಜು, ತುತ್ತೂರಿ ವಾದ್ಯದವರು. ನಡೆಯಲಾಗದ ಮುದುಕರಿಗೆಂದು ಶೆಬೆಸ್ತಾ ತನ್ನ ಕುದುರೆಗಾಡಿಯನ್ನು ಬರ್ಚ್ ಕೊಂಬೆಗಳಿಂದ ಸಿಂಗರಿಸಿ ತಂದಿದ್ದ. ಅದರ ಮುಂದಿನ ಸೀಟಿನಲ್ಲಿ ಕರಿ ಕೋಟು ತೊಟ್ಟು, ಕೋಟಿಗೆ ಹೂ ಸಿಕ್ಕಿಸಿಕೊಂಡು ಮೆಲಿಖಾರ್ ಕುಳಿತಿದ್ದ. ಎಂಬತ್ತು ದಾಟಿದ್ದರೂ ಕಿವಿ ಚುರುಕು, ಕಣ್ಣು ಚುರುಕು. ಕೈಕೊಟ್ಟಿದ್ದು ಮಂಡಿ ಮಾತ್ರ, ಅದೂ ಈಚೆಗೆ. ಬ್ಲಾಝೆನಾ ಅವನನ್ನು ಕಂಡು ಒಳಗೊಳಗೇ ಹಿಗ್ಗಿದಳು. ಈ ಊರಿನ ಓಣಿಗಳಲ್ಲಿ ಗಾಡಿ ತಿರುಗಿಸಲು ಆಗುವುದಿಲ್ಲ; ಒಮ್ಮೆ ಹೊರಟರೆ ಒರತೆಯ ಬಯಲು ಮುಟ್ಟುವವರೆಗೂ ಅವಳ ಹಿಂದೆಯೇ ಬರಬೇಕು, ಅವಳು ಹೇಳಿದ್ದನ್ನೆಲ್ಲ ಕೇಳಬೇಕು.

ಮೊದಮೊದಲು ಅವಳು ಎಲ್ಲರಿಗೂ ಬೇಕಾದ್ದನ್ನೇ ಹೇಳಿದಳು. ಪ್ರಾರ್ಥನಾ ಮಂದಿರದ ಮುಂದೆ ನಿಂತು, ಈ ಮಾಡಿನ ಎಡಗಡೆ ಬಿದ್ದ ಮಳೆ ಎಲ್ಬೆ ನದಿ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ, ಬಲಗಡೆ ಬಿದ್ದದ್ದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ, ಒಂದೇ ಮೋಡದ ನೀರು ಮತ್ತೆ ಒಂದರ ಮುಖ ಒಂದು ನೋಡುವುದಿಲ್ಲ, ಅಂದಳು. ಜನ ಕತ್ತೆತ್ತಿ ಮಾಡು ನೋಡಿದರು. ಕೆರೆ ಏರಿಯ ಮೇಲೆ ನಿಂತು, ನೂರಾರು ವರ್ಷದ ಹಿಂದೆ ಸ್ವೀಡನ್ನಿನ ದಂಡು ದಾಳಿ ಬಂದಾಗ ಊರವರು ಪ್ರಾರ್ಥನಾ ಮಂದಿರದ ಗಂಟೆಯನ್ನು ಕೆಸರಿನಲ್ಲಿ ಹೂತಿಟ್ಟು ಆಮೇಲೆ ಎಲ್ಲಿ ಹೂತದ್ದೆಂದು ತಾವೇ ಮರೆತದ್ದನ್ನು ಹೇಳಿದಳು. ಎಲ್ಲರೂ ನಕ್ಕರು. ಕುಲುಮೆಯ ಮುಂದೆ ಕುಲುಮೆಯ ಕತೆ, ಶಾಲೆಯ ಮುಂದೆ ಬೆತ್ತದ ಕತೆ. ಗಾಡಿಯ ಮೇಲಿಂದ ಮೆಲಿಖಾರ್ ಸಹ ಒಂದೆರಡು ಕಡೆ, ಹೌದು ಹೌದು, ಎಂದು ತಲೆಯಾಡಿಸಿದ. ಹಾಗೇ ಮೇಲಿನ ಓಣಿಯಲ್ಲಿ ಒಂದು ಹಸಿರು ಗೇಟಿನ ಮುಂದೆ ಬಂದರು. ಅದೀಗ ಪ್ರಾಗ್‌ನ ಯಾರೋ ವಕೀಲರ ರಜೆಯ ಮನೆ. ಕಿಟಕಿ ತುಂಬ ಕೆಂಪು ಹೂ.

ಬ್ಲಾಝೆನಾ ನಿಂತಳು. ಇದು ಕುಬಾತ್ ಮನೆ, ನಾನು ಹುಟ್ಟಿದ್ದು ಇಲ್ಲೇ, ಅಂದಳು. ದನಿ ಎತ್ತಲಿಲ್ಲ, ಇಳಿಸಲಿಲ್ಲ. ಕೆರೆಯ ಕತೆ ಹೇಳಿದ ದನಿಯಲ್ಲೇ ಹೇಳಿದಳು.

ಅವಳಿಗೆ ಹತ್ತು ವರ್ಷವಿದ್ದಾಗ, ಐವತ್ತೆರಡನೇ ಇಸವಿಯ ಚಳಿಗಾಲ. ಸರ್ಕಾರಕ್ಕೆ ಕೊಡಬೇಕಾದ ಬೆಳೆ, ಮಾಂಸದ ಪಾಲು ಪೂರ್ತಿ ಕೊಡದವರು ಮನೆಯ ಹಂದಿಯನ್ನು ಮನೆಯಲ್ಲೇ ಕಡಿಯುವಂತಿರಲಿಲ್ಲ. ಪಾಲನ್ನು ಯಾರೂ ಪೂರ್ತಿ ಕೊಡಲಾಗದಷ್ಟು ಏರಿಸಿದ್ದರು. ಸಹಕಾರಿಗೆ ಸೇರು ಎಂದು ಅಪ್ಪನ ಹಿಂದೆ ಬಿದ್ದಿದ್ದರು, ಅವನು ಸಹಿ ಹಾಕಿರಲಿಲ್ಲ. ಅಪ್ಪ ಒಂದು ಬೆಳಿಗ್ಗೆ ಹಂದಿಯ ಕೂಗು ಕೇಳಿಸದಿರಲೆಂದು ಕಣಜದಲ್ಲಿ ಒಕ್ಕುವ ಯಂತ್ರ ಓಡಿಸಿ, ಕದ್ದು ಹಂದಿ ಕಡಿದ. ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಆದರೆ ಮೊಕ್ರೊವೆಸ್‌ನವರು ಹಂದಿ ಕಡಿದ ದಿನ ಸುಮ್ಮನಿರುವುದುಂಟೇ? ರಕ್ತ, ಬಾರ್ಲಿ ಹಾಕಿದ ಕಪ್ಪು ಸಾರು ಕುದಿಸಿ, ಅದರೊಳಗೆ ಒಂದೆರಡು ಸಾಸೇಜು ಇಳಿಬಿಟ್ಟು, ಪಕ್ಕದ ಮನೆಗೆ ಕಳಿಸಬೇಕು. ಪಕ್ಕದ ಮನೆಯವರು ತಮ್ಮ ಹಂದಿಯ ದಿನ ನಮಗೆ ಕಳಿಸುತ್ತಾರೆ. ಅಮ್ಮ ಬೇಡವೇ ಬೇಡ ಅಂದಳು. ಕದ್ದು ಕಡಿದ ಹಂದಿಯ ಸಾರನ್ನು ಯಾರಾದರೂ ಹಂಚುತ್ತಾರಾ, ನಿಮಗೇನು ತಲೆ ಕೆಟ್ಟಿದೆಯಾ, ಎಂದು ಒಲೆಯ ಮುಂದೆಯೇ ಜಗಳ ತೆಗೆದಳು.

"ನಮ್ಮಪ್ಪ ಏನಂದ ಗೊತ್ತಾ?" ಎಂದಳು ಬ್ಲಾಝೆನಾ ಜನರ ಕಡೆ ತಿರುಗಿ. "ಪಕ್ಕದ ಮನೆಗೆ ಕೊಡದೆ ತಿಂದ್ರೆ ಗಂಟಲಲ್ಲಿ ಇಳಿಯುತ್ತೇನೇ, ಅಂದ. ಸಾರಿನ ಪಾತ್ರೆ ನನ್ನ ಕೈಗೇ ಕೊಟ್ಟ. ಚೆಲ್ಲಬೇಡ ಪುಟ್ಟಿ, ನಿಧಾನಕ್ಕೆ ಹೋಗು, ಅಂದ."

ಜನರ ಗುಂಪಿನಲ್ಲಿ ವಯಸ್ಸಾದವರು ತಲೆ ತಗ್ಗಿಸಿದರು. ಸಾರಿನ ಪಾತ್ರೆಯನ್ನು ತೊಳೆದು ವಾಪಸು ಕೊಡಬಾರದು, ತೊಳೆದರೆ ಕೊಟ್ಟವರ ಕೊಟ್ಟಿಗೆ ಬರಿದಾಗುತ್ತದೆ ಅನ್ನುವ ಪದ್ಧತಿ ಅವರಿಗೆಲ್ಲ ಗೊತ್ತು. ಆ ಪಾತ್ರೆ ತೊಳೆಯದೆ ಹಾಗೇ ಉಳಿಯಿತು, ಎಂದು ಬ್ಲಾಝೆನಾ ಮುಂದುವರಿಸಿದಳು; ನಮ್ಮ ಮನೆಗೆ ಮಾತ್ರ ವಾಪಸು ಬರಲಿಲ್ಲ. ಮತ್ತೆ ಅದನ್ನು ಕಂಡದ್ದು ಜಿಲ್ಲಾ ಕೋರ್ಟಿನ ಮೇಜಿನ ಮೇಲೆ. ಅಂಚಿಗೆ ಬಾರ್ಲಿ ಕಾಳು ಒಣಗಿ ಅಂಟಿಕೊಂಡಿತ್ತು. ಇದು ನಿಮ್ಮ ಪಾತ್ರೆಯಾ ಎಂದು ಕೇಳಿದರು. ಅಮ್ಮ ಬಾಯಿ ಬಿಡಲಿಲ್ಲ, ಅಪ್ಪ ಹೌದು ಅಂದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅಪ್ಪನನ್ನು ಕೈದಿಯಾಗಿ ಯುರೇನಿಯಂ ಗಣಿಗೆ ಕಳಿಸಿದರು. ಅಲ್ಲಿಂದ ಅವನು ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಅಮ್ಮನನ್ನೂ ಅವಳನ್ನೂ ಒಂದು ಲಾರಿಗೆ ಹತ್ತಿಸಿ ಗಡಿಯ ಹತ್ತಿರ ಸರ್ಕಾರಿ ಹಂದಿ ಸಾಕಣೆಗೆ ಕೂಲಿಗೆ ಹಾಕಿದರು. ಮುಂದೆ ಈ ಊರಿನ ಟ್ರ್ಯಾಕ್ಟರ್ ಓಡಿಸುವ ಯಾರೋಲೀಮ್‌ನನ್ನು ಕಟ್ಟಿಕೊಂಡು ಅವಳು ಇಲ್ಲಿಗೇ ಬಂದಳು. ಗಂಡನಿಗೆ ಮಾತ್ರ ಇದನ್ನು ಹೇಳಿದ್ದಳು. ಬಾಯಿಗೆ ಬೀಗ ಹಾಕಿಕೊಂಡಿರು, ನನ್ನ ಅನ್ನ ಸಹಕಾರಿ ಅಧ್ಯಕ್ಷನ ಕೈಯಲ್ಲಿದೆ, ಅಂದಿದ್ದ ಅವನು.

ವಾದ್ಯದವರು ತುತ್ತೂರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ರಾದಿಮ್ ಮುಖ ಕೆಂಪಗೆ ಮಾಡಿಕೊಂಡು ಹತ್ತಿರ ಬಂದು, "ಅತ್ತೆ, ಇವತ್ತು ಇದೆಲ್ಲ ಬೇಡ" ಎಂದು ಪಿಸುಗುಟ್ಟಿದ.

"ಎಲ್ಲಿ ಏನು ನಡೀತು ಹೇಳಿ ಅಂದೋನು ನೀನೇ ಕಣಪ್ಪ. ಇದು ನಡೆದಿದ್ದು ಇಲ್ಲೇ."

ಬ್ರ್ನೋದಿಂದ ಬಂದಿದ್ದ ಒಬ್ಬ ಹೆಂಗಸು, ಚಿಕ್ಕಂದಿನಲ್ಲೇ ಊರು ಬಿಟ್ಟವಳು, ಏನೂ ತಿಳಿಯದೆ ಕೇಳಿದಳು: "ಸಾರು ತಗೊಂಡು ಹೋಗಿದ್ದು ಯಾವ ಮನೆಗೆ?"

ಬ್ಲಾಝೆನಾ ಕೈಯೆತ್ತಿ ಪಕ್ಕದ ಗೇಟನ್ನು ತೋರಿಸಿದಳು. ಕಬ್ಬಿಣದ ಗೇಟು, ಅದರ ಮೇಲೆ ಹಿತ್ತಾಳೆಯ ಫಲಕ, ಫಲಕದ ಮೇಲೆ ಹೆಸರು. ಓದು ಬಂದವರೆಲ್ಲ ಓದಿದರು. ಓದಿ, ಒಬ್ಬೊಬ್ಬರಾಗಿ ಗಾಡಿಯ ಕಡೆ ತಿರುಗಿದರು. ಮೆಲಿಖಾರ್ ಕೋಲಿನ ಮೇಲೆ ಎರಡೂ ಕೈಯಿಟ್ಟು ಕುದುರೆಯ ಬೆನ್ನನ್ನೇ ನೋಡುತ್ತಿದ್ದ. ಗಾಡಿ ಹೊಡಿಯೋ, ಎಂದು ಶೆಬೆಸ್ತಾಗೆ ಹೇಳಿದ. ಮುಂದೆ ಜನ ತುಂಬಿದ್ದರು. ಶೆಬೆಸ್ತಾ ಲಗಾಮು ಹಿಡಿದು, ಹೋಗೋದೆಲ್ಲಿಗೆ ತಾತಾ, ಅಂದ. ಬ್ಲಾಝೆನಾ ಅವಸರ ಮಾಡಲಿಲ್ಲ. ಜನ ಚೆನ್ನಾಗಿ ನೋಡಿ ಮುಗಿಸುವವರೆಗೂ ಅಲ್ಲೇ ನಿಂತು ಶಿರವಸ್ತ್ರದ ಗಂಟನ್ನು ಬಿಚ್ಚಿ ಕಟ್ಟಿಕೊಂಡಳು. ಎಷ್ಟೋ ವರ್ಷದ ಮೇಲೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಹಾಡಬೇಕು ಅನ್ನಿಸಿತು.

ಒರತೆಯ ಬಯಲಿಗೆ ಇಳಿಯುವಾಗ ಬ್ಲಾಝೆನಾ ಹಿಂತಿರುಗಿ ನೋಡಿದಳು. ಬೆಳಿಗ್ಗೆ ಗಾಡಿಯ ಚಕ್ರದ ಪಕ್ಕ ಹೆಜ್ಜೆ ಹಾಕುತ್ತ ಮುದುಕನನ್ನು ಮಾತಾಡಿಸುತ್ತಿದ್ದವರೆಲ್ಲ ಈಗ ಮುಂದೆ ಮುಂದೆ ನಡೆದಿದ್ದರು. ಗಾಡಿಯಲ್ಲಿದ್ದ ಇನ್ನಿಬ್ಬರು ಮುದುಕಿಯರು ಸಹ ಹಿಂದಿನ ಸೀಟಿಗೆ ಸರಿದು ಕುಳಿತಿದ್ದರು.

ಒರತೆಯ ಮಾಡಿನ ಪಕ್ಕದಲ್ಲಿ ಕಲ್ಲು ನಿಂತಿತ್ತು, ಆಳೆತ್ತರ, ಬಿಳಿ ಬಟ್ಟೆ ಹೊದ್ದುಕೊಂಡು. ರಾದಿಮ್ ಅದರ ಮುಂದೆ ನಿಂತು ಜೇಬಿನಿಂದ ಭಾಷಣದ ಕಾಗದ ತೆಗೆದ, ಮತ್ತೆ ಒಳಗಿಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ನಮ್ಮೂರಿನವರು ಹಾಗೇ, ಮಾತಾಡುವ ಕಾಲ ಬಂದಾಗ ಬೂಟಿನ ತುದಿ ನೋಡಿಕೊಳ್ಳುತ್ತಾರೆ. ಕೊನೆಗೆ ರಾದಿಮ್ ಬ್ಲಾಝೆನಾಳನ್ನು ಪಕ್ಕಕ್ಕೆ ಕರೆದ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ನಂಗೆ ಗೊತ್ತಿರ್ಲಿಲ್ಲ ಅತ್ತೆ, ನನ್ನಾಣೆ. ಅಧಿಕಾರಿಗಳು ತಾವೇ ಹುಡುಕ್ಕೊಂಡು ಬಂದ್ರು ಅಂತ ತಾತ ಹೇಳಿದ್ದ. ಬಟ್ಟೆ ಬಿಚ್ಚೋದು ಬೇಡ. ಸೋಮವಾರ ಕಲ್ಲು ಕೀಳಿಸ್ತೀನಿ. ಅದೇ ಜಾಗದಲ್ಲಿ ನಿಮ್ಮಪ್ಪನ ಹೆಸರು ಹಾಕಿಸ್ತೀನಿ. ಕುಬಾತ್ ಒರತೆ. ಆಗ್ಬಹುದಾ?"

ಗೆದ್ದೆ ಎಂದುಕೊಂಡಳು ಬ್ಲಾಝೆನಾ. ಬೇಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಅಪ್ಪನ ಹೆಸರು, ಕಲ್ಲಿನಲ್ಲಿ, ಅಜ್ಜ ಕಟ್ಟಿದ ಒರತೆಯ ಪಕ್ಕ. ಆಗಲಿ ಎಂದು ಹೇಳಲು ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ಗಾಡಿಯಿಂದ ಮೆಲಿಖಾರ್ ಅವಳನ್ನು ಹೆಸರು ಹಿಡಿದು ಕರೆದ. ಅವಳು ಹೋಗಿ ಗಾಡಿಯ ಗಾಲಿಯ ಹತ್ತಿರ ನಿಂತಳು.

ಅವನು ಬಗ್ಗಿ, ಬೇರೆಯವರಿಗೆ ಕೇಳದಂತೆ ಮಾತಾಡಿದ. "ನಂಗಾಗ ಇಪ್ಪತ್ನಾಲ್ಕು ವರ್ಷ. ಏನಾದ್ರೂ ತಂದು ತೋರಿಸು, ಇಲ್ದಿದ್ರೆ ನೀನೂ ಸಹಿ ಹಾಕದೋರ ಕಡೆಯವನೇ ಅಂದ್ರು ಪಕ್ಷದೋರು. ನಾನು ಆ ಪಾತ್ರೆ ತಗೊಂಡು ಹೋದೆ."

"ಸಾರು ಕುಡಿದು ಮುಗಿಸೇ ತಗೊಂಡು ಹೋದೆ ನೀನು."

ಅವನು ಕೋಲಿನಿಂದ ಕಲ್ಲನ್ನು ತೋರಿಸಿ, "ಆ ಕಲ್ಲು ಬೇಡ ಬ್ಲಾಝೆನಾ. ರಾದಿಮ್ ಹೇಳಿದ್ನಲ್ಲ, ಕೀಳಿಸಿಬಿಡು. ನಾನು ಇನ್ನೆಷ್ಟು ದಿನ ಇರ್ತೀನಿ? ಸತ್ತ ಮೇಲೆ ಎಲ್ಲ ಮರೆತುಹೋಗುತ್ತೆ. ಹೆಸರು ಇಲ್ದಿದ್ರೆ ಮರೀತಾರೆ. ನಿಂಗೆ ಕೈ ಮುಗೀತೀನಿ," ಅಂದ.

ಅವಳು ಅವನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ. ಹೆದರಿದ್ದ. ಸಾವಿಗಲ್ಲ, ಹೆಸರಿಗೆ ಹೆದರಿದ್ದ. ಓಹೋ, ಎಂದುಕೊಂಡಳು. ಅಪ್ಪನ ಹೆಸರನ್ನು ಇಲ್ಲಿ ಹಾಕಿದರೆ ಏನಾಗುತ್ತದೆ? ನಾಲ್ಕು ದಿನ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಐದನೇ ದಿನ ನೀರು ಹಿಡಿದುಕೊಂಡು ಹೋಗುತ್ತಾರೆ. ಕುಬಾತ್ ಯಾರೆಂದು ಯಾರು ಕೇಳುತ್ತಾರೆ? ಯಾರೋ ಒಬ್ಬ ಒಳ್ಳೆಯವನಿರಬೇಕು ಅನ್ನುತ್ತಾರೆ. ಈ ಮುದುಕ ಮಣ್ಣಿನೊಳಗೆ ಮಲಗಿ, ಎಲ್ಲರ ಹಾಗೆ, ಏನೂ ಮಾಡದವನ ಹಾಗೆ ಆಗಿಬಿಡುತ್ತಾನೆ. ಅವಳು ಒರತೆಯ ಕಡೆ ನೋಡಿದಳು. ಅಜ್ಜ ಕಟ್ಟಿದ ಕಲ್ಲುಗಳ ಸಂದಿನಿಂದ ನೀರು ಬರುತ್ತಲೇ ಇತ್ತು. ಅಪ್ಪಾ, ಮನ್ನಿಸು, ಎಂದು ಮನಸ್ಸಿನಲ್ಲೇ ಅಂದಳು. ಕಾಲು ಆಗಲೇ ಕಲ್ಲಿನ ಕಡೆ ನಡೆಯುತ್ತಿತ್ತು.

ರಾದಿಮ್ ತಡೆಯುವಷ್ಟರಲ್ಲಿ ಅವಳು ಬಟ್ಟೆಯ ತುದಿ ಹಿಡಿದು ಎಳೆದಳು. ಬಟ್ಟೆ ಹುಲ್ಲಿನ ಮೇಲೆ ಬಿತ್ತು. ಕಗ್ಗಲ್ಲು, ಬೆರಳು ಹೋಗುವಷ್ಟು ಆಳವಾದ ಅಕ್ಷರ: ಮೆಲಿಖಾರ್ ಒರತೆ.

"ಅತ್ತೆ, ಕೀಳಿಸ್ತೀನಿ ಅಂದ್ನಲ್ಲಾ," ಎಂದ ರಾದಿಮ್. ಅವನ ದನಿ ಅಳುವಿನಂತಿತ್ತು.

"ಕೀಳಬಾರದು. ಊರು ಹಾಕಿಸಿದ ಕಲ್ಲು, ಇಲ್ಲೇ ಇರ್ಲಿ. ನಕಾಶೆಗೂ ಹಾಕಿಸು. ನಮ್ಮಪ್ಪನ ಹೆಸರು ಬೇಡ. ಅವನ ಹೆಸರು ಓದಿ ಯಾರೂ ಏನೂ ಕೇಳಲ್ಲ. ಈ ಹೆಸರು ಓದಿದೋರು ಇವನ್ಯಾರು ಅಂತ ಕೇಳೇ ಕೇಳ್ತಾರೆ. ನಾನಿರೋವರೆಗೂ ನಾನು ಹೇಳ್ತೀನಿ. ಆಮೇಲೆ ಇವತ್ತು ಕೇಳಿದ ಇವರೆಲ್ಲ ಇದಾರೆ."

ಅವಳ ಹಿಂದೆ ಗಾಡಿಯಲ್ಲಿ ಕೋಲು ಹಲಗೆಗೆ ತಾಗಿದ ಸದ್ದಾಯಿತು. ಮೆಲಿಖಾರ್ ಇಳಿಯಲು ಹೋಗಿ, ಮಂಡಿ ಕೇಳದೆ ಮತ್ತೆ ಕುಳಿತಿದ್ದ. ಅವನಿಗೆ ಕೈಕೊಡಲು ಯಾರೂ ಮುಂದೆ ಬರಲಿಲ್ಲ. ಬ್ಲಾಝೆನಾ ತಿರುಗಿ ನೋಡಲಿಲ್ಲ. ಕೆತ್ತಿದ ಅಕ್ಷರಗಳಲ್ಲಿ ಕಲ್ಲಿನ ಹುಡಿ ಇನ್ನೂ ಕೂತಿತ್ತು. ಶಿರವಸ್ತ್ರ ಬಿಚ್ಚಿ, ಒರತೆಯ ನೀರಿನಲ್ಲಿ ಅದ್ದಿ, ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಒರೆಸಿದಳು. ಆಮೇಲೆ ಹಿಂದೆ ನಿಂತಿದ್ದವರನ್ನು ಕೈಬೀಸಿ ಕರೆದಳು.

"ಅಲ್ಯಾಕೆ ನಿಂತ್ಕೊಂಡಿದೀರಿ, ಹತ್ತಿರ ಬನ್ನಿ. ಹೆಸರು ಈಗ ಚೆನ್ನಾಗಿ ಕಾಣ್ಸುತ್ತೆ."